ಅನುಸರಿಸಿದ ಪದ್ಧತಿ

ಪಠ್ಯಪುಸ್ತಕದ ಮೊದಲ ಪುಟದಲ್ಲೇ ಇತ್ತು:
ಮನೋವಿಜ್ಞಾನ ಹುಟ್ಟಿದ್ದು ಜರ್ಮನಿಯಲ್ಲಿ,
ಒಂದು ಪ್ರಯೋಗಾಲಯದಲ್ಲಿ, ಇಂಥ ಇಸವಿ.
ಪರೀಕ್ಷೆಗೆಂದು ಜೋರಾಗಿ ಓದುತ್ತಿದ್ದೆ.
ದಾದಾ ಕುಟ್ಟಾಣಿ ನಿಲ್ಲಿಸಿ ಕೇಳಿದರು:
"ಅದಕ್ಕಿಂತ ಮುಂಚೆ ಮಂದಿಗೆ ಮನಸ್ಸೇ ಇದ್ದಿಲ್ಲೇನು, ಬೇಟಾ?"

ಶಾಹಗಂಜಿನ ಹಕೀಮ ಮೀರ್ ಅಹ್ಸನುದ್ದೀನ್.
ದವಾಖಾನೆಯೆಂದರೆ ಒಂದು ಚಾಪೆ, ಎರಡು ಬೀರು,
ಗುಲ್ಕಂದಿನ ಭರಣಿಗೆ ಮುತ್ತುವ ಇರುವೆ.
ಬಂದವರ ಮಣಿಕಟ್ಟು ಹಿಡಿದು ಕಣ್ಣು ಮುಚ್ಚುವರು,
ಗೋಡೆಯಾಚೆ ಯಾರದೋ ಮಾತು ಆಲಿಸುವವರ ಹಾಗೆ.

ಅವರು ಹೇಳುತ್ತಿದ್ದರು:
ಸಾವಿರ ವರ್ಷದ ಹಿಂದೆ ಬಲ್ಖ್ ಎಂಬ ಊರಿನವನೊಬ್ಬ
ದುಃಖವನ್ನು ಎರಡು ಪುಡಿಕೆ ಮಾಡಿ ಕಟ್ಟಿದ.
ಒಂದಕ್ಕೆ ಕಾರಣದ ಚೀಟಿ ಅಂಟಿಸಿದ:
ಸತ್ತವರು, ಕಳೆದ ದುಡ್ಡು, ಮುರಿದ ನಂಟು.
ಇನ್ನೊಂದರ ಮೇಲೆ ಏನೂ ಬರೆಯಲಿಲ್ಲ.
ಕಾರಣ ಕಾಣದ ದುಃಖವೂ ದುಃಖವೇ, ಅಂದ;
ಮೈಯೊಳಗಿಂದ ಎದ್ದದ್ದು, ರಕ್ತ ನೋಡಿ ಮದ್ದು ಕೊಡಿ,
ಸುಮ್ಮಸುಮ್ಮನೆ ಅಳ್ತಾಳ ಅನ್ನಬೇಡಿ.
ಮತ್ತೂ ಅಂದನಂತೆ: ಜ್ವರಕ್ಕೆಂದು ಮನೆಯಲ್ಲಿ ಬೇರು ಇಡುತ್ತೀರಲ್ಲ,
ಚೆನ್ನಾಗಿರುವ ದಿನವೇ ಒಂದೆರಡು ಒಳ್ಳೆಯ ವಿಚಾರ ತೆಗೆದಿಡಿ,
ಕೆಟ್ಟ ರಾತ್ರಿಗೆ ಬೇಕಾಗುತ್ತವೆ.

ದಮಾಸ್ಕಸ್, ಕೈರೋ. ದಾದಾ ನೋಡದ ಊರುಗಳು.
ಹುಮನಾಬಾದ್ ದಾಟಿದ್ದೇ ಎರಡು ಸಲ.
ಆದರೂ ಆ ದವಾಖಾನೆಗಳ ಅಂಗಳದ ಕಾರಂಜಿಯನ್ನು
ಬೊಗಸೆಯೊಡ್ಡಿ ಕುಡಿದು ಬಂದವರಂತೆ ವರ್ಣಿಸುವರು:
ಬುದ್ಧಿ ಕದಡಿದವರಿಗೂ ಹಾಸಿಗೆ, ನೀರಿನ ಸದ್ದು,
ವಾಸಿಯಾಗಿ ಹೊರಟವನ ಕೈಗೆ ಒಂದಿಷ್ಟು ಹಣ,
ಹೋದ ಮರುದಿನವೇ ಕೂಲಿಗೆ ನಿಲ್ಲದಿರಲೆಂದು.
"ಸರಪಳಿ ಇದ್ದಿಲ್ಲೇನು?" ಕೇಳಿದೆ.
"ಇತ್ತು," ಅಂದರು, ತುಸು ತಡೆದು. "ಎಲ್ಲಾ ಕಡೀ ಇತ್ತು. ಅದೂ ಬರ್ಕೋ."

ಗಾವಾನನ ಮದರಸಾದ ಒಂಟಿ ಮಿನಾರು ತೋರಿಸಿ
ಬಲ್ಖದವನ ಹಸ್ತಪ್ರತಿ ಇಲ್ಲಿಯೂ ಇತ್ತು ಅನ್ನುವರು.
ಇತ್ತೋ, ಇಲ್ಲವೋ. ಸಿಡಿದುಹೋದ ಅರ್ಧ ಗೋಡೆ
ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಈಗ ನಾನು ಜಿಲ್ಲಾ ಆಸ್ಪತ್ರೆ, ಕೋಣೆ ಹದಿನಾಲ್ಕು.
ಫ್ಯಾನಿಗೆ ಎರಡೇ ವೇಗ: ನಿಂತದ್ದು, ಕಾಗದ ಹಾರಿಸುವಂಥದ್ದು.
ಚಿಟ್ಟಾದಿಂದ ಗುಂಡಮ್ಮ ಮಗನನ್ನು ಕರೆತಂದಳು.
ಝರೆಪ್ಪ, ಹದಿನೈದು ವರ್ಷ, ನಲವತ್ತು ದಿನದಿಂದ ಮಾತಿಲ್ಲ.
ಕೊರಳಲ್ಲಿ ಮೂರು ದಾರ: ಕರಿ, ಹಸಿರು, ಕೆಂಪು.
"ಯಾರ್ಯಾರು ಏನೇನ್ ಕಟ್ಟಿದ್ರೂ ಕಟ್ಟಸ್ಕೊಂಡೀನ್ರಿ."
ಪ್ರಶ್ನಾವಳಿಯ ಇಪ್ಪತ್ತೊಂದು ಪ್ರಶ್ನೆಗೂ
ಅವನು ನೆಲದ ಒಂದೇ ಫರಸಿ ನೋಡಿದ.

ನನಗೇನನ್ನಿಸಿತೋ. ಪೆನ್ನಿಟ್ಟು ಮಣಿಕಟ್ಟು ಹಿಡಿದೆ.
ಬುಖಾರಾ ಕಡೆಯ ವೈದ್ಯನೊಬ್ಬನ ಹಳೆಯ ಉಪಾಯ;
ಅವನು ಓಣಿಗಳ ಹೆಸರು ಹೇಳುತ್ತ ಹುಡುಕಿದ್ದು ಪ್ರೇಮವನ್ನು.
ಚೌಬಾರಾ, ಅಂದೆ. ನಾಡಿ ದಣಿದ ಎತ್ತಿನ ನಡಿಗೆ.
ಮಂಗಲಪೇಟೆ. ಫತೇ ದರ್ವಾಜಾ. ಅಷ್ಟೂರ. ಪಾಪನಾಶ.
ನೌಬಾದ್ —
ಬೆರಳಡಿಯಲ್ಲಿ ಮೀನು ಹೊರಳಿತು.
ಮತ್ತೆ ಅಂದೆ, ಸಣ್ಣಗೆ: ನೌಬಾದ್. ಸುರಂಗ ಬಾವಿ.

ಗುಂಡಮ್ಮನ ಸೆರಗು ಬಾಯಿಗೆ ಹೋಯಿತು.
"ಇವನ ದೋಸ್ತ ಅಲ್ಲೇ ಬಿದ್ದು ಸತ್ತಾನ್ರಿ.
ಆವತ್ತ ಇವ ಮನ್ಯಾಗಿದ್ದ. ಹಂಗಂತ ತಿಳ್ದಿದ್ವಿ."

ಅಂಗೈ ಮಗುಚಿದೆ.
ಹಗ್ಗ ಜಾರಿದ ಗೆರೆ, ಮಾಯ್ದು ನುಣುಪಾಗಿದೆ.

ನೌಬಾದಿನಲ್ಲಿ ನೀರು ಕಾಣದ ಹಾಗೆ ಮೈಲುಗಟ್ಟಲೆ ನಡೆಯುತ್ತದೆ.
ತೋಡಿದವರು ಅಲ್ಲಲ್ಲಿ ಒಂದು ಬಾಯಿ ಬಿಟ್ಟಿದ್ದಾರೆ,
ಒಳಗಿದ್ದವರಿಗೆ ಉಸಿರಾಡಲೆಂದು.

ಅವನು ಮಾತಾಡಲಿಲ್ಲ. ಕೈಯನ್ನು ಹಿಂದೆಳೆದುಕೊಳ್ಳಲೂ ಇಲ್ಲ.
ಹೊರಗೆ ಹದಿನೇಳನೆಯ ಟೋಕನ್ ಕೂಗುತ್ತಿದ್ದರು.

ಅರ್ಜಿಯಲ್ಲಿ "ಅನುಸರಿಸಿದ ಪದ್ಧತಿ" ಅಂತ ಒಂದು ಕಾಲಂ.
ದಾದಾ ಕೊನೆಗೆ ಎಲ್ಲ ಮರೆತಾಗ ಅವರ ನಾಡಿ ಹಿಡಿದು
ಓಣಿ ಓಣಿ ಹೇಳಿದ್ದೆ, ನನ್ನ ಹೆಸರನ್ನೂ. ಏನೂ ಅಲುಗಲಿಲ್ಲ.
ಗುಲ್ಕಂದ್ ಅಂದಾಗ ಮಾತ್ರ ನಕ್ಕಿದ್ದರು.
ಅದು ಯಾವ ಪದ್ಧತಿ?

ಮಂಗಳವಾರ ಮತ್ತೆ ಬರಬೇಕು, ಎಂದು ಬರೆದೆ.